ಟೆಸ್ಟ್‌ನಲ್ಲಿ ಸಿಗುವ ಹೆಸರು ಪ್ರೊಡಕ್ಷನ್‌ನಲ್ಲಿ ಸಿಗುತ್ತಿಲ್ಲ (ವೆಬ್‌ಸ್ಫಿಯರ್, ಜೆಎನ್‌ಡಿಐ)

ಕಾಪು_ಕಡಲು:

ಎಲ್ಲರಿಗೂ ನಮಸ್ಕಾರ. ಮಂಗಳೂರಿನ ಒಂದು ಕಂಪನಿಯಲ್ಲಿ ಅಪ್ಲಿಕೇಶನ್ ಸಪೋರ್ಟ್ ಕೆಲಸದಲ್ಲಿದ್ದೇನೆ, ಎರಡು ವರ್ಷ ಆಗ್ತಾ ಬಂತು. ಒಂದು ಟಿಕೆಟ್ ನಾಲ್ಕು ದಿನದಿಂದ ತಲೆ ತಿನ್ನುತ್ತಿದೆ. ಗೊತ್ತಿದ್ದವರು ದಯವಿಟ್ಟು ಹೇಳಿ.

ಕ್ಲೈಂಟ್ ಹತ್ತಿರ ಎರಡು ಅಪ್ಲಿಕೇಶನ್ ಇವೆ. ಒಂದು ಬಿಲ್ಲಿಂಗ್, ಇನ್ನೊಂದು ದರ ಲೆಕ್ಕ ಹಾಕಿ ಕೊಡುವ ಇಜೆಬಿ (ಬೇರೆ ಅಪ್ಲಿಕೇಶನ್‌ಗಳು ಕರೆಯಬಹುದಾದ ಜಾವಾ ಪ್ರೋಗ್ರಾಂ ಭಾಗ). ಎರಡೂ ಓಡುವುದು ವೆಬ್‌ಸ್ಫಿಯರ್ 8.5.5 ಅನ್ನುವ ಅಪ್ಲಿಕೇಶನ್ ಸರ್ವರ್ ಮೇಲೆ, ಆದರೆ ಬೇರೆ ಬೇರೆ ಸೆಲ್ (ಒಟ್ಟಿಗೆ ನಿರ್ವಹಿಸುವ ಸರ್ವರ್‌ಗಳ ಗುಂಪು). ಬಿಲ್ಲಿಂಗ್ ಕಡೆಯಿಂದ ಜೆಎನ್‌ಡಿಐ ಲುಕಪ್ ಮಾಡಿ, ಅಂದರೆ ಹೆಸರು ಕೊಟ್ಟು ಹುಡುಕಿ, ದರದ ಇಜೆಬಿಯನ್ನು ಕರೆಯಬೇಕು. ಪ್ರಾಪರ್ಟೀಸ್ ಫೈಲ್‌ನಲ್ಲಿ ಹೋಸ್ಟ್ ಹೆಸರು, ಪೋರ್ಟ್ 2809, ಹುಡುಕಬೇಕಾದ ಹೆಸರು ‘ಇಜೆಬಿ/ರೇಟ್‌ಹೋಮ್’ ಅಂತ ಇದೆ. ಟೆಸ್ಟ್‌ನಲ್ಲಿ ತಿಂಗಳುಗಟ್ಟಲೆ ಒಂದು ತೊಂದರೆ ಇಲ್ಲದೆ ಓಡಿದೆ. ಪ್ರೊಡಕ್ಷನ್‌ಗೆ ಹಾಕಿದ ದಿನದಿಂದ ‘ನೇಮ್ ನಾಟ್ ಫೌಂಡ್’ ಎಕ್ಸೆಪ್ಶನ್.

ಟೆಸ್ಟ್‌ನಲ್ಲಿ ಇರುವುದು ಒಂದೇ ಸರ್ವರ್. ಪ್ರೊಡಕ್ಷನ್‌ನಲ್ಲಿ ಎರಡು ಮಷಿನ್ ಸೇರಿಸಿ ಕ್ಲಸ್ಟರ್ ಮಾಡಿದ್ದಾರೆ, ಎರಡರಲ್ಲೂ ಅದೇ ಅಪ್ಲಿಕೇಶನ್ ಓಡುತ್ತದೆ. ಡೆವಲಪರ್‌ಗಳು ‘ಕೋಡ್ ಮುಟ್ಟಿಲ್ಲ’ ಅನ್ನುತ್ತಾರೆ. ನೆಟ್‌ವರ್ಕ್‌ನವರು ‘ಪೋರ್ಟ್ ತೆರೆದಿದೆ’ ಅನ್ನುತ್ತಾರೆ. ಅದೂ ನಿಜವೇ, ನಾನೇ ಟೆಲ್‌ನೆಟ್ ಮಾಡಿ ನೋಡಿದೆ. ನಮ್ಮ ಕೈಪಿಡಿಯಲ್ಲಿ ‘ರೀಸ್ಟಾರ್ಟ್ ಮಾಡಿ’ ಅಂತ ಬಿಟ್ಟರೆ ಬೇರೇನೂ ಬರೆದಿಲ್ಲ. ಎರಡು ಸಲ ರೀಸ್ಟಾರ್ಟ್ ಆಯಿತು. ಎರಡು ಸಲವೂ ಲಾಗ್‌ನಲ್ಲಿ ಅದೇ ಸಾಲು.

ಇನ್ನೊಂದು ಮಾತು ಕೇಳಬೇಕಿತ್ತು. ‘ಸಪೋರ್ಟ್‌ನಲ್ಲಿ ಕೂತರೆ ಏನೂ ಕಲಿಯುವುದಿಲ್ಲ, ಬೆಂಗಳೂರಿಗೆ ಬಂದು ಡೆವಲಪ್‌ಮೆಂಟ್ ಸೇರು’ ಅಂತ ಗೆಳತಿಯರು ಹೇಳುತ್ತಲೇ ಇದ್ದಾರೆ. ಅಮ್ಮ ಕಾಪುವಿನಲ್ಲಿ ಒಬ್ಬರೇ ಇದ್ದಾರೆ, ನನಗೆ ಇಲ್ಲೇ ಇರಬೇಕು ಅಂತ ಆಸೆ. ರಾತ್ರಿ 11ಕ್ಕೆ ಶಿಫ್ಟ್ ಮುಗಿಸಿ ಕ್ಯಾಬ್‌ನಲ್ಲಿ ಮೂಲ್ಕಿ ದಾಟುವಾಗಲೂ ಈ ಎರರ್ ಬಗ್ಗೆಯೇ ಯೋಚನೆ. ಈ ಕೆಲಸ ನನಗೆ ಇಷ್ಟ. ಆದರೆ ಇದರಲ್ಲಿ ಮುಂದೆ ದಾರಿ ಇದೆಯಾ?

ಬಿಜೈ_ಬಳಕೆದಾರ:

ಫೈರ್‌ವಾಲ್ ಇರಬಹುದು. ನಮ್ಮಲ್ಲಿ ಹೀಗೇ ಆಗಿತ್ತು. ಇನ್ನೊಮ್ಮೆ ಕೇಳಿ ನೋಡಿ.

ಹಳೆ_ಸರ್ವರ್_ಸುರತ್ಕಲ್:

ಫೈರ್‌ವಾಲ್ ಅಲ್ಲ ಮಾರಾಯ್ರೆ. ಫೈರ್‌ವಾಲ್ ತಡೆದಿದ್ದರೆ ಕನೆಕ್ಷನ್ನೇ ಆಗುತ್ತಿರಲಿಲ್ಲ, ಎರರ್ ಬೇರೆ ಬರುತ್ತಿತ್ತು. ಇಲ್ಲಿ ಆ ಕಡೆಯಿಂದ ಯಾರೋ ಫೋನ್ ಎತ್ತಿ ‘ಆ ಹೆಸರಿನವರು ಇಲ್ಲಿಲ್ಲ’ ಅಂತ ಹೇಳಿದ್ದಾರೆ. ಫೋನ್ ಎತ್ತಿದ್ದು ಯಾರು ಅಂತ ನೋಡಬೇಕು.

ತಂಗೀ, ಒಂದೇ ಸರ್ವರ್ ಇದ್ದಾಗ 2809 ಆ ಸರ್ವರ್‌ನದ್ದೇ ಪೋರ್ಟ್. ನಿಮ್ಮ ಟೆಸ್ಟ್ ಹಾಗೆಯೇ ಇರುವುದು. ಪ್ರೊಡಕ್ಷನ್‌ನಲ್ಲಿ ನೆಟ್‌ವರ್ಕ್ ಡಿಪ್ಲಾಯ್‌ಮೆಂಟ್ (ಹಲವು ಸರ್ವರ್ ಸೇರಿಸಿ ನಡೆಸುವ ವೆಬ್‌ಸ್ಫಿಯರ್) ಹಾಕಿದಾಗ ಸಾಮಾನ್ಯವಾಗಿ 2809 ನೋಡ್ ಏಜೆಂಟ್‌ಗೆ, ಅಂದರೆ ಆ ಮಷಿನ್‌ನ ಸರ್ವರ್‌ಗಳನ್ನು ನೋಡಿಕೊಳ್ಳುವ ಪ್ರೋಗ್ರಾಂಗೆ, ಹೋಗುತ್ತದೆ. ನಿಮ್ಮ ಅಪ್ಲಿಕೇಶನ್ ಇರುವ ಸರ್ವರ್‌ಗೆ 9810 ಅಥವಾ ಅದರ ಆಚೀಚೆ ಸಿಗುತ್ತದೆ. ಕನ್ಸೋಲ್‌ನಲ್ಲಿ ಆ ಸರ್ವರ್‌ನ ಪೋರ್ಟ್‌ಗಳ ಪಟ್ಟಿ ತೆರೆದು ‘ಬೂಟ್‌ಸ್ಟ್ರಾಪ್ ಅಡ್ರೆಸ್’ (ಹೆಸರು ಹುಡುಕಲು ಮೊದಲು ಹೋಗುವ ಪೋರ್ಟ್) ನೋಡಿ. ನೀವು ಕೇಳ್ತಾ ಇರುವುದು ನೋಡ್ ಏಜೆಂಟ್ ಹತ್ತಿರ. ಅವನ ಪಟ್ಟಿಯಲ್ಲಿ ನಿಮ್ಮ ಇಜೆಬಿ ಇರುವುದೇ ಇಲ್ಲ.

ಮಂಗಳೂರಿನ ಸಿಟಿ ಬಸ್ಸಿನಲ್ಲಿ ‘ಸ್ಟೇಟ್‌ಬ್ಯಾಂಕ್’ ಅಂದರೆ ಸಾಕು, ಕಂಡಕ್ಟರ್ ಬಸ್‌ಸ್ಟ್ಯಾಂಡಿಗೆ ಟಿಕೆಟ್ ಹರಿದು ಕೊಡ್ತಾರೆ. ಅದೇ ಮಾತನ್ನು ಉಡುಪಿಯಲ್ಲಿ ಇಳಿದು ಕೇಳಿದರೆ ನಿಜವಾದ ಬ್ಯಾಂಕಿಗೇ ಕಳಿಸ್ತಾರೆ. ಗಿಡ್ಡ ಹೆಸರು ಯಾವ ಊರಿನಲ್ಲಿ ನಿಂತು ಕೇಳ್ತಿದ್ದೇವೆ ಅನ್ನುವುದರ ಮೇಲೆ ನಿಂತಿದೆ. ದೂರದಿಂದ ಕೇಳುವಾಗ ಊರು ಸೇರಿಸಿ ಹೇಳಬೇಕು: ‘ಸೆಲ್/ಕ್ಲಸ್ಟರ್ಸ್/ನಿಮ್ಮ ಕ್ಲಸ್ಟರ್ ಹೆಸರು/ಇಜೆಬಿ/ರೇಟ್‌ಹೋಮ್’. ಹೀಗೆ ಪೂರ್ತಿ ಹೆಸರು ಕೊಟ್ಟರೆ ನೋಡ್ ಏಜೆಂಟ್‌ನ 2809 ಹತ್ತಿರ ಕೇಳಿದರೂ ಸಿಗುತ್ತದೆ. ವಿಳಾಸದಲ್ಲಿ ಎರಡೂ ಮಷಿನ್‌ನ ನೋಡ್ ಏಜೆಂಟ್‌ಗಳನ್ನು ಕಾಮಾ ಹಾಕಿ ಬರೆಯಿರಿ. ಒಂದು ಬಿದ್ದರೆ ಇನ್ನೊಂದು ಇರುತ್ತದೆ.

ಊಹೆ ಮೇಲೆ ಬದಲಾಯಿಸಬೇಡಿ. ಬಿನ್ ಫೋಲ್ಡರ್‌ನಲ್ಲಿ ‘ಡಂಪ್‌ನೇಮ್‌ಸ್ಪೇಸ್’ ಅಂತ ಒಂದು ಸ್ಕ್ರಿಪ್ಟ್ ಉಂಟು. ಹೋಸ್ಟ್, ಪೋರ್ಟ್ ಕೊಟ್ಟು ಓಡಿಸಿ. ಅಲ್ಲಿರುವ ಹೆಸರುಗಳೆಲ್ಲ ಸಾಲಾಗಿ ಬರುತ್ತವೆ. ಅದು ಓದುವುದು ಮಾತ್ರ, ಏನನ್ನೂ ಬದಲಾಯಿಸುವುದಿಲ್ಲ. ಮೊದಲು 2809ಕ್ಕೆ, ಆಮೇಲೆ ಸರ್ವರ್‌ನ ಪೋರ್ಟ್‌ಗೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ದೊಡ್ಡಕ್ಷರ, ಸಣ್ಣಕ್ಷರ ಕೂಡ ಹಾಗೇ ಹೊಂದಬೇಕು.

ಇದಾದ ಮೇಲೆ ಇನ್ನೊಂದು ಗುಂಡಿ ಇರಬಹುದು, ಈಗಲೇ ಹೇಳಿಬಿಡ್ತೇನೆ. ಲುಕಪ್ ಸರಿಯಾದ ಮೇಲೆ ಆ ಕಡೆಯವರು ನಿಮ್ಮ ಕೈಗೆ ಒಂದು ಚೀಟಿ ಕೊಡುತ್ತಾರೆ. ಅದಕ್ಕೆ ಐಒಆರ್ ಅನ್ನುತ್ತಾರೆ. ನಿಜವಾದ ಕರೆ ಹೋಗುವುದು ಆ ಚೀಟಿಯಲ್ಲಿ ಬರೆದ ಹೋಸ್ಟ್ ಹೆಸರಿಗೆ, ನೀವು ಪ್ರಾಪರ್ಟೀಸ್‌ನಲ್ಲಿ ಹಾಕಿದ ಹೆಸರಿಗಲ್ಲ. ಪೋರ್ಟ್ ಕೂಡ ಬೇರೆ. ಆ ಮಷಿನ್‌ನ ಒಳಗಿನ ಹೆಸರು ನಿಮ್ಮ ಬಿಲ್ಲಿಂಗ್ ಮಷಿನ್‌ಗೆ ಗೊತ್ತಿಲ್ಲದಿದ್ದರೆ ಕರೆ ಅಲ್ಲೇ ಬೀಳುತ್ತದೆ. ಎಷ್ಟೋ ಜನ ಇಲ್ಲಿಗೆ ಬಂದು ಪುನಃ ಜೆಎನ್‌ಡಿಐ ಹೆಸರನ್ನೇ ಕೆದಕುತ್ತಾರೆ. ಮತ್ತೆ, ಪರೀಕ್ಷೆಗೆ ‘ಎನ್‌ಎಸ್‌ಲುಕಪ್’ ನಂಬಬೇಡಿ. ಅದು ಡಿಎನ್‌ಎಸ್ (ಹೆಸರಿಗೆ ಐಪಿ ಹೇಳುವ ಸರ್ವರ್) ಅನ್ನು ಮಾತ್ರ ಕೇಳುತ್ತದೆ, ಮಷಿನ್‌ನಲ್ಲೇ ಇರುವ ಹೋಸ್ಟ್ಸ್ ಫೈಲ್ ನೋಡುವುದಿಲ್ಲ. ಲಿನಕ್ಸ್ ಆದರೆ ‘ಗೆಟ್‌ಎಂಟ್ ಹೋಸ್ಟ್ಸ್’ ಕೊಟ್ಟು ನೋಡಿ.

ಕೆಲಸದ ಬಗ್ಗೆ ಕೇಳಿದಿರಲ್ಲ. ನಾನು ಹದಿನಾಲ್ಕು ವರ್ಷದಿಂದ ಇದನ್ನೇ ಮಾಡ್ತಿದ್ದೇನೆ, ಊರು ಬಿಟ್ಟಿಲ್ಲ. ಕೋಡ್ ಬರೆದವರಿಗೆ ಅವರ ಒಂದು ಭಾಗ ಗೊತ್ತಿರುತ್ತದೆ. ಒಂದು ಕರೆ ಎಲ್ಲಿ ಹೊರಟು ಎಲ್ಲೆಲ್ಲಿ ನಿಂತು ಎಲ್ಲಿಗೆ ಹೋಗುತ್ತದೆ ಅಂತ ಪೂರ್ತಿ ಗೊತ್ತಿರುವುದು ಸಪೋರ್ಟ್‌ನಲ್ಲಿ ಮೈ ಬಗ್ಗಿಸಿದವರಿಗೆ. ರೀಸ್ಟಾರ್ಟ್ ಮಾಡಿ ಟಿಕೆಟ್ ಮುಚ್ಚುವುದು ಕಲಿತರೆ ಎರಡು ವರ್ಷದಲ್ಲಿ ಬೇಸರ ಬರುತ್ತದೆ, ನಿಜ. ನೀವು ನಾಲ್ಕು ದಿನ ಬಿಡದೆ ಹಿಡಿದಿದ್ದೀರಿ. ಕಾರಣ ಸಿಕ್ಕಿದ ಮೇಲೆ ಆ ಕೈಪಿಡಿಯಲ್ಲಿ ನಿಮ್ಮ ಕೈಯಾರೆ ಒಂದು ಪುಟ ಸೇರಿಸಿ.

ಮಣಿಪಾಲ_ಟೀಕ್ಯಾ:

ವೆಬ್‌ಲಾಜಿಕ್ ಅನ್ನುವ ಇನ್ನೊಂದು ಅಪ್ಲಿಕೇಶನ್ ಸರ್ವರ್‌ನಲ್ಲೂ ಇದೇ ಕಥೆ. ಜಾಸ್ತಿ ಜನ ಅಭ್ಯಾಸದಲ್ಲಿ 7001 ಹಾಕ್ತಾರೆ, ಅದು ಅಡ್ಮಿನ್ ಸರ್ವರ್ ಆಗಿರುತ್ತದೆ, ಅಪ್ಲಿಕೇಶನ್ ಮ್ಯಾನೇಜ್ಡ್ ಸರ್ವರ್‌ನಲ್ಲಿ ಕೂತಿರುತ್ತದೆ. ಜೆಬಾಸ್‌ನಲ್ಲಿ ‘ಜಾವಾ:ಜೆಬಾಸ್/ಎಕ್ಸ್‌ಪೋರ್ಟೆಡ್’ ಕೆಳಗೆ ಇಟ್ಟ ಹೆಸರು ಮಾತ್ರ ಹೊರಗಿನವರಿಗೆ ಕಾಣುತ್ತದೆ. ಸುಮ್ನೆ ‘ಜಾವಾ:/’ ಅಂತ ಇಟ್ಟರೆ ಅದೇ ಜೆವಿಎಂ (ಓಡುತ್ತಿರುವ ಆ ಒಂದು ಜಾವಾ ಪ್ರೋಗ್ರಾಂ) ಒಳಗೆ ಮಾತ್ರ. ಒಂದು ಸರ್ವರ್‌ನಿಂದ ಇನ್ನೊಂದಕ್ಕೆ ಸ್ಥಳಾಂತರ ಮಾಡುವವರು ಇದನ್ನು ಮೊದಲೇ ನೋಡಿಕೊಳ್ಳಬೇಕು.

ಕಾಪು_ಕಡಲು:

ಸುರತ್ಕಲ್ ಅಣ್ಣ, ನೀವು ಹೇಳಿದ ಹಾಗೇ ಮಾಡಿದೆ. ನಿನ್ನೆ ಶಿಫ್ಟ್ ಶುರುವಾಗುತ್ತಲೇ ಅನುಮತಿ ತೆಗೆದುಕೊಂಡು ಡಂಪ್ ಓಡಿಸಿದೆ. 2809ರ ಪಟ್ಟಿಯಲ್ಲಿ ‘ಇಜೆಬಿ’ ಅನ್ನುವ ಪದವೇ ಇಲ್ಲ. 9810ರಲ್ಲಿ ಇದೆ! ಸ್ಕ್ರೀನ್ ಮೇಲೆ ಆ ಸಾಲು ಕಂಡಾಗ ಎದ್ದು ನಿಂತುಬಿಟ್ಟೆ. ಪಕ್ಕದ ಸೀಟಿನವರನ್ನೂ ಕರೆದು ತೋರಿಸಿದೆ.

ಪೂರ್ತಿ ಹೆಸರು ಹಾಕಿದ ಮೇಲೆ ‘ನೇಮ್ ನಾಟ್ ಫೌಂಡ್’ ಹೋಯಿತು. ಆದರೆ ಈಗ ‘ಕಾಮ್ ಫೇಲ್ಯೂರ್’ (ಸಂಪರ್ಕ ವಿಫಲ) ಬಂದಿದೆ. ನಿಮ್ಮ ಎರಡನೇ ಗುಂಡಿಯೇ ಇರಬೇಕು ಅಲ್ವಾ? ಬಿಲ್ಲಿಂಗ್ ಮಷಿನ್‌ನಲ್ಲಿ ‘ಗೆಟ್‌ಎಂಟ್’ ಕೊಟ್ಟೆ. ಮೊದಲನೇ ಮಷಿನ್‌ನ ಹೆಸರಿಗೆ ಐಪಿ ಬಂತು. ಎರಡನೆಯದಕ್ಕೆ ಖಾಲಿ.

ಅಂದರೆ ಕರೆ ಒಂದನೆಯದಕ್ಕೆ ಹೋದಾಗ ಸರಿ, ಎರಡನೆಯದಕ್ಕೆ ಹೋದಾಗ ಬೀಳುತ್ತದೆ. ಲಾಗ್ ಹಿಡಿದು ಎಣಿಸಿದೆ: ಹತ್ತು ಬಿಲ್ ಕಳಿಸಿದರೆ ಐದು ಪಾಸ್, ಐದು ಫೇಲ್. ಕ್ಲೈಂಟ್‌ನ ಸಿಸ್ಟಮ್ ತಂಡಕ್ಕೆ ಎರಡೂ ಔಟ್‌ಪುಟ್ ಅಂಟಿಸಿ ಬರೆದಿದ್ದೇನೆ. ಡಿಎನ್‌ಎಸ್‌ನಲ್ಲಿ ಹೆಸರು ಸೇರಿಸಲು ಒಪ್ಪಿದ್ದಾರೆ, ಇವತ್ತು ರಾತ್ರಿ 9:30ಕ್ಕೆ ಅವರ ಜೊತೆ ಕಾಲ್ ಇದೆ.

ಕೈಪಿಡಿಯ ಪುಟ ಬರೆಯಲು ಶುರು ಮಾಡಿದ್ದೇನೆ. ಸ್ಟೇಟ್‌ಬ್ಯಾಂಕ್ ಉದಾಹರಣೆಯನ್ನು ಅದರಲ್ಲಿ ಹಾಕಿಕೊಳ್ಳಬಹುದಾ? ಹೊಸದಾಗಿ ಸೇರಿದ ಇಬ್ಬರಿಗೆ ಅದನ್ನೇ ಹೇಳಿದೆ, ತಕ್ಷಣ ಅರ್ಥ ಆಯಿತು.

ಹಳೆ_ಸರ್ವರ್_ಸುರತ್ಕಲ್:

ಧಾರಾಳವಾಗಿ ಹಾಕಿ. ರಾತ್ರಿ ಡಿಎನ್‌ಎಸ್ ಸೇರಿಸಿದ ಮೇಲೆ ಒಮ್ಮೆ ಒಂದು ಮಷಿನ್‌ನ ಸರ್ವರ್ ನಿಲ್ಲಿಸಿ, ಇನ್ನೊಮ್ಮೆ ಇನ್ನೊಂದರದ್ದು ನಿಲ್ಲಿಸಿ ಬಿಲ್ ಕಳಿಸಿ ನೋಡಿ. ಎರಡೂ ದಿಕ್ಕಿನಲ್ಲಿ ಪಾಸ್ ಆದರೆ ಮಾತ್ರ ಟಿಕೆಟ್ ಮುಚ್ಚಿ.