ಪದಚರ್ಚೆ: ಕೊಂಡ ಚಿಪ್‌ನಲ್ಲೇ ಮುಚ್ಚಿಟ್ಟ ಸೌಲಭ್ಯವನ್ನು ದುಡ್ಡು ಕಟ್ಟಿ ‘ಅನ್‌ಲಾಕ್’ ಮಾಡುವುದಕ್ಕೆ ಕನ್ನಡ? (ತುರ್ತು)

ವಿ.ಎಸ್.:
ಎಲ್ಲರಿಗೂ ನಮಸ್ಕಾರ. ಸರ್ವರ್ ನಿರ್ವಹಣೆಯ ತಂತ್ರಾಂಶವೊಂದರ ಅನುವಾದ ನಾಳೆ ಸಂಜೆಯೊಳಗೆ ಹೋಗಬೇಕು. ‘ಅನ್‌ಲಾಕ್’ ಎಂಬ ಒಂದು ಬಟನ್ನಿನಲ್ಲಿ ಸಿಕ್ಕಿಕೊಂಡಿದ್ದೇನೆ. ಸಂದರ್ಭ ಇಂಟೆಲ್ ಆನ್ ಡಿಮ್ಯಾಂಡ್ ಥರದ್ದು: ವೇಗವರ್ಧಕಗಳು (ಕೆಲವು ಕೆಲಸಗಳನ್ನು ಬೇಗ ಮುಗಿಸುವ ಘಟಕಗಳು) ಪ್ರೊಸೆಸರ್ ಒಳಗೇ ಇರುತ್ತವೆ, ಆದರೆ ಮುಚ್ಚಿರುತ್ತವೆ. ಮೇಲೆ ಹಣ ಕಟ್ಟಿದರೆ ತೆರೆದುಕೊಳ್ಳುತ್ತವೆ. ಹಳೆಯ ಕಡತದಲ್ಲಿ ‘ಸಕ್ರಿಯಗೊಳಿಸಿ’ ಎಂದಿದೆ. ಬಟನ್ನಿನ ಮಿತಿ 32 ಬೈಟ್. ಕೆಳಗಿನ ಸೂಚನೆಯಲ್ಲಿ ‘ಕೋಲ್ಡ್ ರೀಬೂಟ್’ (ಪವರ್ ತೆಗೆದು ಮತ್ತೆ ಚಾಲೂ ಮಾಡುವುದು) ಕೂಡ ಬರುತ್ತದೆ, ಅದಕ್ಕೆ ಯಾರೋ ‘ಶೀತಲ ಮರುಪ್ರಾರಂಭ’ ಎಂದು ಬರೆದಿಟ್ಟಿದ್ದಾರೆ. ದಯವಿಟ್ಟು ಬೇಗ ಹೇಳಿ.

ಜಿ.ಕೆ.:
‘ಚಿಲಕ ತೆಗೆ’. ಅಚ್ಚ ಕನ್ನಡ, ಮೂರು ವರ್ಷದ ಮಗುವಿಗೂ ಅರ್ಥವಾಗುತ್ತದೆ. ‘ಸಕ್ರಿಯಗೊಳಿಸು’ ಎಂಬ ಸಂಸ್ಕೃತದ ಮೂಟೆ ಯಾಕೆ?

ಎನ್.ಆರ್.:
ಚಿಲಕಕ್ಕೆ ಬೀಗದಕೈ ಬೇಕಿಲ್ಲ, ಕೈಗೆಟುಕಿದವರೆಲ್ಲ ತೆಗೆಯಬಹುದು. ಇಲ್ಲಿ ವಿಷಯವೇ ಕೀ ಯಾರ ಹತ್ತಿರ ಇದೆ ಅನ್ನುವುದು. ಬೇಡ.

‘ಸಕ್ರಿಯಗೊಳಿಸಿ’ಯೂ ಬೇಡ. ಅದು ಸಂಸ್ಕೃತ ಅಂತಲ್ಲ, ಸುಳ್ಳು ಅಂತ. ಬಟನ್ ಒತ್ತಿದಾಗ ಏನೂ ಸಕ್ರಿಯವಾಗುವುದಿಲ್ಲ. ಮೊದಲು ದೃಢೀಕರಣದ ಪ್ರಮಾಣಪತ್ರವನ್ನು ಚಿಪ್‌ನ ಶಾಶ್ವತ ಮೆಮೊರಿಗೆ ಬರೆಯಬೇಕು. ಆಮೇಲೆ ಸೌಲಭ್ಯದ ಫೈಲು. ಈ ಎರಡನೆಯದನ್ನು ಚಿಪ್ಪು ಮೊದಲನೆಯದರಿಂದ ಪರೀಕ್ಷಿಸುವುದರಿಂದ ಕ್ರಮ ತಪ್ಪಿದರೆ ತಿರಸ್ಕಾರವೇ. ದೃಢೀಕರಣ ಸೋತ ಸಲವನ್ನೆಲ್ಲ ಅದು ಎಣಿಸಿಟ್ಟುಕೊಳ್ಳುತ್ತದೆ, ಮಿತಿ ಮುಟ್ಟಿತೋ ಪವರ್ ತೆಗೆದು ಹಾಕುವವರೆಗೂ ಬರೆಯಲು ಬಿಡುವುದಿಲ್ಲ. ಎಲ್ಲ ಸರಿಯಾಗಿ ಬರೆದರೂ ಕೋಲ್ಡ್ ರೀಬೂಟ್ ಆಗದೆ ಸೌಲಭ್ಯ ಪೂರ್ತಿ ಏಳುವುದಿಲ್ಲ. ಆದ್ದರಿಂದ ‘ಸಕ್ರಿಯ’ ಎಂಬುದನ್ನು ರೀಬೂಟ್ ನಂತರದ ಸ್ಥಿತಿಸೂಚಕಕ್ಕೆ ಉಳಿಸಿಕೊಳ್ಳಿ.

‘ಶೀತಲ’ ಎಂದರೆ ಓದಿದವರು ಫ್ಯಾನ್ ನೋಡಲು ಹೋಗುತ್ತಾರೆ. ‘ಪವರ್ ಪೂರ್ತಿ ತೆಗೆದು ಮತ್ತೆ ಹಾಕಿ’ ಎಂದು ಬರೆಯಿರಿ. ಫೈಲು ಆಯಾ ಚಿಪ್‌ನ ಗುರುತುಸಂಖ್ಯೆಗೆ ಕಟ್ಟಿರುವುದರಿಂದ, ಎರಡು ಸಾಕೆಟ್ಟಿನ, ಅಂದರೆ ಎರಡು ಪ್ರೊಸೆಸರ್ ಇರುವ ಸರ್ವರ್ ಆದರೆ ಸೂಚನೆಯಲ್ಲಿ ‘ಪ್ರತಿ ಪ್ರೊಸೆಸರ್‌ಗೂ ಬೇರೆ ಫೈಲು’ ಎಂಬುದು ಬರಲೇಬೇಕು.

ಬೈಟ್ ಲೆಕ್ಕ: ಕನ್ನಡದ ಪ್ರತಿ ಕೋಡ್‌ಪಾಯಿಂಟಿಗೆ ಯುಟಿಎಫ್-8 ಎಂಬ ಅಕ್ಷರ ಉಳಿಸುವ ಪದ್ಧತಿಯಲ್ಲಿ 3 ಬೈಟ್. ಮೂಲಾಕ್ಷರ, ಗುಣಿತದ ಚಿಹ್ನೆ, ಒತ್ತಿನ ಚಿಹ್ನೆ ಒಂದೊಂದೂ ಒಂದು ಕೋಡ್‌ಪಾಯಿಂಟ್. ‘ಸಕ್ರಿಯಗೊಳಿಸಿ’ ನೋಡಲು 6 ಅಕ್ಷರ, ಒಳಗೆ 12 ಕೋಡ್‌ಪಾಯಿಂಟ್, ಅಂದರೆ 36 ಬೈಟ್. 32ಕ್ಕೆ ಕತ್ತರಿಸಿದರೆ ‘ಸಕ್ರಿಯಗೊಳಿ’ ಉಳಿದು, ಪಕ್ಕದಲ್ಲಿ ಮುರಿದ ‘ಸ’ದ ಜಾಗಕ್ಕೆ ಒಂದು ಚೌಕ. ಹಳೆಯ ಕಡತವನ್ನು ಪರದೆಯ ಮೇಲೆ ಯಾರೂ ನೋಡಿಯೇ ಇಲ್ಲ ಎಂದಾಯಿತು.

ಬಿ.ಎಂ.:
ಕೀಲಿ ಇರುವಾಗ ಬೇರೆ ಯಾಕೆ? ‘ಕೀಲ’ ಸಂಸ್ಕೃತದಲ್ಲಿ ಗೂಟ, ಮೊಳೆ. ನಮ್ಮಲ್ಲಿ ‘ಕೀಲು’ ಸಂದೂ ಹೌದು, ಗಾಡಿಯ ಅಚ್ಚಿನ ಮೊಳೆಯೂ ಹೌದು. ಉತ್ತರ ಕರ್ನಾಟಕದಲ್ಲಿ ಕೀಲಿ ಅಂದರೆ ಬೀಗವೇ, ತೆಗೆಯುವುದು ಕೀಲಿಕೈ. ‘ಕೀಲಿ ತೆಗೆಯಿರಿ’ ಸಾಕು. ಕೀಬೋರ್ಡಿಗೆ ಕೀಲಿಮಣೆ ಅಂದವರು ಕೀಲಿಯನ್ನೇ ಕೀಲಿಕೈ ಮಾಡಿಬಿಟ್ಟರು. ಅವತ್ತೇ ಕೆಟ್ಟದ್ದು.

ಎನ್.ಆರ್.:
ಕೆಟ್ಟಿತೋ ಬಿಟ್ಟಿತೋ, ಆಗಿಹೋಗಿದೆ. ಇದೇ ಪರದೆಯಲ್ಲಿ ‘ಲೈಸೆನ್ಸ್ ಕೀಲಿ’ ಎಂಬ ಖಾನೆ ಇರುತ್ತದೆ. ಅದರ ಪಕ್ಕ ‘ಕೀಲಿ ತೆಗೆಯಿರಿ’ ಎಂದು ಬಟನ್ ಇಟ್ಟರೆ, ಹಣ ಕಟ್ಟಿ ತಂದ ಲೈಸೆನ್ಸನ್ನು ಅಳಿಸಿಹಾಕುವ ಬಟನ್ ಅಂದುಕೊಳ್ಳುತ್ತಾರೆ. ‘ಸೌಲಭ್ಯ ತೆಗೆಯಿರಿ’ಗೂ ಅದೇ ಗತಿ. ‘ತೆಗೆ’ ಅಂದರೆ ತೆರೆಯುವುದೂ ಹೌದು, ಕಿತ್ತುಹಾಕುವುದೂ ಹೌದು. ಕೀಲಿ ನಿಜಕ್ಕೂ ಹೊಂದುವುದು ಹಲವು ಡಿಸ್ಕುಗಳನ್ನು ಒಂದಾಗಿ ನಡೆಸುವ ಇಂಟೆಲ್‌ನ ವಿರಾಕ್‌ಗೆ: ಅಲ್ಲಿ ಮದರ್‌ಬೋರ್ಡಿನ ಹೆಡರ್ ಪಿನ್ನಿಗೆ ಪುಟ್ಟ ತುಣುಕೊಂದನ್ನು ಚುಚ್ಚಬೇಕು, ಪ್ರೀಮಿಯಂ ತುಣುಕಾದರೆ ರೇಡ್ 5 (ಒಂದು ಡಿಸ್ಕು ಕೆಟ್ಟರೂ ಮಾಹಿತಿ ಉಳಿಯುವ ಜೋಡಣೆ) ಕೂಡ ಸಿಗುತ್ತದೆ. ಅದು ಕೈಯಲ್ಲಿ ಹಿಡಿಯುವಂಥ ಕೀಲಿ.

ಎಸ್.ಪಿ.:
ಎಲ್ಲರೂ ಬೀಗ, ಬಾಗಿಲು ಹಿಡಿದು ಕೂತಿದ್ದೀರಿ. ತನ್ನದೇ ವಸ್ತುವನ್ನು ದುಡ್ಡು ಕೊಟ್ಟು ಕೈಗೆ ತಂದುಕೊಳ್ಳುವುದಕ್ಕೆ ಕನ್ನಡದಲ್ಲಿ ಕ್ರಿಯಾಪದ ಎಂದಿನಿಂದಲೂ ಇದೆ: ಬಿಡಿಸಿಕೊಳ್ಳು. ಅಡವಿಟ್ಟ ಒಡವೆಯನ್ನು ಬಿಡಿಸಿಕೊಳ್ಳುತ್ತಾರೆ, ಒತ್ತೆ ಬಿಡಿಸಿಕೊಳ್ಳುತ್ತಾರೆ. ವಸ್ತು ಹೊಸದಾಗಿ ಬರುವುದಿಲ್ಲ, ಹಿಡಿತ ಮಾತ್ರ ಹೋಗುತ್ತದೆ. ಈ ಚಿಪ್‌ಗಳಲ್ಲಿ ಆಗುವುದೂ ಅಷ್ಟೇ. 2010ರಲ್ಲಿ ಇಂಟೆಲ್ ಪೆಂಟಿಯಂ ಜಿ6951ಕ್ಕೆ 50 ಡಾಲರಿನ ಅಪ್‌ಗ್ರೇಡ್ ಕಾರ್ಡ್ ತಂದಿತ್ತು. ಅದರ ಸಂಕೇತ ಹಾಕಿದರೆ 3 ಎಂಬಿ ಎಲ್3 ಕ್ಯಾಶ್ (ಚಿಪ್‌ನೊಳಗಿನ ವೇಗದ ಮೆಮೊರಿ) 4 ಆಗುತ್ತಿತ್ತು, ಹೈಪರ್‌ಥ್ರೆಡಿಂಗ್ ತೆರೆದು ಒಟ್ಟಿಗೆ ನಡೆಸುವ ಕೆಲಸದ ಎಳೆಗಳು (ಥ್ರೆಡ್) 2 ಇದ್ದದ್ದು 4 ಆಗುತ್ತಿತ್ತು. ಒಂದು ಟ್ರಾನ್ಸಿಸ್ಟರೂ ಹೊಸದಲ್ಲ. ಇನ್ನು ‘ಕೊಳ್ಳು’ ನೋಡಿ, ಖರೀದಿಯೂ ಅದೇ, ಸಹಾಯಕ ಕ್ರಿಯಾಪದವೂ ಅದೇ. ಇದಕ್ಕಿಂತ ಒಪ್ಪುವ ಪದ ಯಾವ ಭಾಷೆಯಲ್ಲಿದೆ?

ಎನ್.ಆರ್.:
ಪದ ಚೆನ್ನಾಗಿದೆ, ಒಪ್ಪಿದೆ. ‘ಬಿಡಿಸಿಕೊಳ್ಳಿ’ಯೂ 12 ಕೋಡ್‌ಪಾಯಿಂಟ್, 36 ಬೈಟ್. ಕೂಡುವುದಿಲ್ಲ. ‘ಬಿಡಿಸಿ’ 18ಕ್ಕೆ ಕೂಡುತ್ತದೆ, ಆದರೆ ಚಿತ್ರ ಬಿಡಿಸಬೇಕೋ, ಒಗಟು ಬಿಡಿಸಬೇಕೋ, ಬಟಾಣಿ ಬಿಡಿಸಬೇಕೋ ಅಂತ ಕೇಳುತ್ತಾರೆ.

ಎಚ್.ಎಲ್.:
ಎಸ್.ಪಿ. ಮೇಡಂ, ಅಡವಿಡುವಾಗ ಸಾಲ ತಗೊಂಡಿರುತ್ತೇವೆ. ಇಲ್ಲಿ ತಗೊಂಡದ್ದೇನು? ಎಲ್ಲ ಸಂದರ್ಭಕ್ಕೂ ಈ ಕುಟುಕು ನ್ಯಾಯವೂ ಅಲ್ಲ. ರಾಸ್‌ಬೆರಿ ಪೈಯಲ್ಲಿ (ಒಂದೇ ಬೋರ್ಡಿನ ಪುಟ್ಟ ಕಂಪ್ಯೂಟರ್) 2012ರಿಂದ ಎಂಪೆಗ್-2 ವಿಡಿಯೊ ಬಿಡಿಸಿ ತೋರಿಸುವ ಡಿಕೋಡರಿಗೆ 2.40 ಪೌಂಡ್, ವಿಸಿ-1 ಎಂಬ ಇನ್ನೊಂದು ವಿಡಿಯೊ ಬಗೆಗೆ 1.20 ಪೌಂಡ್ ಇತ್ತು. ಅದು ಪೇಟೆಂಟಿನ ಲೈಸೆನ್ಸ್ ಶುಲ್ಕ. ಬೇಡದವರ ತಲೆಗೆ ಕಟ್ಟಬಾರದು ಅಂತ ಬೇರೆಯಾಗಿ ಮಾರಿದರು. ಬೋರ್ಡಿನ ಸೀರಿಯಲ್ ಸಂಖ್ಯೆ ಕೊಟ್ಟರೆ ಬರುವ ಹೆಕ್ಸ್ ಸಂಖ್ಯೆಯನ್ನು ಕಾನ್ಫಿಗ್ ಫೈಲಿನಲ್ಲಿ ಒಂದು ಸಾಲಾಗಿ ಬರೆದು ರೀಬೂಟ್ ಮಾಡಿದರೆ ಆಯಿತು. ಅದೇ ಎಸ್‌ಡಿ ಕಾರ್ಡನ್ನು ಇನ್ನೊಂದು ಬೋರ್ಡಿಗೆ ಹಾಕಿದರೆ ಸಾಲು ಇದ್ದಲ್ಲೇ ಇರುತ್ತದೆ, ಡಿಕೋಡರ್ ಮಾತ್ರ ತೆರೆಯುವುದಿಲ್ಲ. ಇದನ್ನು ‘ಪರವಾನಗಿ’ ಅನ್ನುವುದೇ ಸರಿ. ಆನ್ ಡಿಮ್ಯಾಂಡ್‌ನಲ್ಲಿ ಒಮ್ಮೆ ಕಟ್ಟಿ ಮುಗಿಸುವುದಲ್ಲದೆ, ಬಳಸಿದಷ್ಟಕ್ಕೆ ಅಳೆದು ಕಟ್ಟುವ ಪದ್ಧತಿಯೂ ಇತ್ತು. ಅಳತೆಗೆ ಕೊಡುವುದನ್ನು ಬಿಡಿಸಿಕೊಂಡೆ ಅನ್ನಲಾಗದು.

ಜಿ.ಕೆ.:
‘ಪರವಾನಗಿ’ ಫಾರ್ಸಿ.

ಎಚ್.ಎಲ್.:
ಆಗಲಿ. ‘ಗಿರವಿ’ಯೂ ಫಾರ್ಸಿ, ‘ಚಾವಿ’ ಪೋರ್ಚುಗೀಸಿನ ‘ಚಾವೆ’. ಮನೆಗೆ ಬೀಗ ಹಾಕಿ ಚಾವಿ ಕೊಟ್ಟು ಹೋಗುವಾಗ ಯಾರೂ ನಿಘಂಟು ನೋಡುವುದಿಲ್ಲ. ‘ಅನ್‌ಲಾಕ್’ ಅಂತಲೇ ಇಡಿ, ಫೋನು ಹಿಡಿದವರಿಗೆಲ್ಲ ಗೊತ್ತು.

ಎನ್.ಆರ್.:
ಇಡಬಹುದು, 24 ಬೈಟ್. ಆದರೆ ಅದರಲ್ಲಿ 3 ಬೈಟ್ ‘ನ್’ ಮತ್ತು ‘ಲಾ’ ನಡುವಿನ ಕಾಣದ ಅಕ್ಷರದ್ದು. ಫರ್ಮ್‌ವೇರ್ (ಯಂತ್ರದೊಳಗಿನ ತಂತ್ರಾಂಶ) ಅದನ್ನು ನುಂಗಿದರೆ ‘ಅನ್ಲಾಕ್’ ಎಂದು ಒತ್ತಕ್ಷರವಾಗುತ್ತದೆ. ಪರೀಕ್ಷಿಸಿ ಇಡಿ.

ಬಿ.ಎಂ.:
ಪೋರ್ಚುಗೀಸು ಅಂದ ಮೇಲೆ ನೆನಪಾಯಿತು. ‘ಮೇಜು’ ಪೋರ್ಚುಗೀಸಿನ ‘ಮೆಸಾ’ದಿಂದ ಬಂದದ್ದು ಅಂತ ಬರೆಯುವವರು ಫಾರ್ಸಿಯ ‘ಮೇಜ್’ ಮರೆತಿರುತ್ತಾರೆ. ಎರವಲು ಲೆಕ್ಕ ಹಾಕುವಾಗ...

ವಿ.ಎಸ್.:
ಬಿ.ಎಂ. ಸರ್, ಮೇಜು ನಾಳಿದ್ದಿಗೆ ಇಟ್ಟುಕೊಳ್ಳೋಣ. ಹೀಗೆ ಕಳಿಸುತ್ತಿದ್ದೇನೆ. ಬಟನ್: ‘ತೆರೆಯಿರಿ’ (24 ಬೈಟ್, ಕಾಣದ ಅಕ್ಷರವಿಲ್ಲ). ಕೆಳಗಿನ ವಿವರಣೆಗೆ ಮಿತಿಯಿಲ್ಲದ್ದರಿಂದ: ‘ಈ ಸೌಲಭ್ಯವನ್ನು ಶುಲ್ಕ ಕಟ್ಟಿ ಬಿಡಿಸಿಕೊಳ್ಳಬೇಕು. ಪ್ರತಿ ಪ್ರೊಸೆಸರ್‌ಗೂ ಬೇರೆ ಫೈಲು ಬೇಕು. ಬರೆದ ಮೇಲೆ ಪವರ್ ಪೂರ್ತಿ ತೆಗೆದು ಮತ್ತೆ ಹಾಕಿ.’ ಸ್ಥಿತಿ: ‘ಮುಚ್ಚಿದೆ’, ‘ಬರೆಯಲಾಗಿದೆ’, ‘ಸಕ್ರಿಯ’.

ಜಿ.ಕೆ.:
‘ಸಕ್ರಿಯ’ ಉಳಿಯಿತಲ್ಲ.

ಎನ್.ಆರ್.:
12 ಅಲ್ಲ, 6 ಕೋಡ್‌ಪಾಯಿಂಟ್. ಉಳಿಯಲಿ.