ಸಹಾಯ ಬೇಕು: ಮಕ್ಕಳ ಮನಶ್ಶಾಸ್ತ್ರ ಓದುವ ಆಸೆ

ಎಲ್ಲರಿಗೂ ನಮಸ್ಕಾರ. ನಾನು ಯಾದಗಿರಿ ಜಿಲ್ಲೆಯ ಶಹಾಪುರ ಹತ್ತಿರದ ಹಳ್ಳಿಯಲ್ಲಿ ಅತಿಥಿ ಶಿಕ್ಷಕಿ. ಎರಡನೇ ಕ್ಲಾಸಿನ ಹುಡುಗನೊಬ್ಬನ ಅಪ್ಪ ಅಮ್ಮ ಬೆಂಗಳೂರಿಗೆ ಗುಳೆ ಹೋಗಿದ್ದಾರೆ. ಅವನು ಬಿಸಿಯೂಟದ ತಟ್ಟೆ ಮುಂದಿಟ್ಟುಕೊಂಡು ಸುಮ್ನೆ ಗೇಟಿನ ಕಡೆ ನೋಡುತ್ತಾ ಕೂರುತ್ತಾನೆ. ಅಜ್ಜಿ ಹಟ ಅನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಇಂಥ ಮಕ್ಕಳಿಗಾಗಿಯೇ ಎಂಎ ಮನಶ್ಶಾಸ್ತ್ರ ಓದಬೇಕು ಅಂತಿದ್ದೇನೆ.

ದೂರಶಿಕ್ಷಣದಲ್ಲಿ ಮಾಡೋಣ ಅಂದುಕೊಂಡಿದ್ದೆ. ಆದರೆ 2025ರ ಜುಲೈ-ಆಗಸ್ಟ್ ಪ್ರವೇಶದಿಂದ ಯುಜಿಸಿ ಮನಶ್ಶಾಸ್ತ್ರವನ್ನು ದೂರಶಿಕ್ಷಣ, ಆನ್‌ಲೈನ್ ಎರಡರಲ್ಲೂ ನಿಲ್ಲಿಸಿದೆ. ಈಗ ಕ್ಲಾಸಿಗೆ ಹೋಗಿಯೇ ಓದಬೇಕು ಅಲ್ವಾ? ಕಲಬುರಗಿಯಲ್ಲಿ ಓದಿದವರು ಯಾರಾದರೂ ಇದ್ದೀರಾ? ನನ್ನ ಬಿಎಯಲ್ಲಿ ಮನಶ್ಶಾಸ್ತ್ರ ಇರಲಿಲ್ಲ, ಸೀಟು ಸಿಗುತ್ತಾ? ಮಕ್ಕಳು, ಕುಟುಂಬದ ವಿಷಯ ಎಷ್ಟು ಕಲಿಸುತ್ತಾರೆ? ಕನ್ನಡದಲ್ಲಿ ಪರೀಕ್ಷೆ ಬರೆಯಬಹುದಾ? ಹಳೇ ನೋಟ್ಸ್ ಇದ್ದರೆ ಕೊಡಿ, ಜೆರಾಕ್ಸ್ ಮಾಡಿಸಿಕೊಂಡು ವಾಪಸ್ ಮಾಡುತ್ತೇನೆ.