ಪ್ರಶ್ನೋತ್ತರ: ಸರ್ವರಿಗೆ ಜಿಯಾನ್ 4314 ಒಳ್ಳೆಯದಾ, ಎಪಿಕ್ 7313ಪಿ ಒಳ್ಳೆಯದಾ?

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಇವತ್ತು ಸಂಜೆ 7ರಿಂದ ನಮ್ಮ ಗುಂಪಿನ ಸರ್ವರ್ ಇಂಜಿನಿಯರ್ ನಿಮ್ಮ ಪ್ರಶ್ನೆಗಳಿಗೆ ಉತ್ತರ ಕೊಡುತ್ತಾರೆ. ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ಆಫೀಸುಗಳಿಗೆ ಸರ್ವರ್ ಕೂರಿಸುವುದೇ ಅವರ ಕೆಲಸ. ದಯವಿಟ್ಟು ಫಾರ್ವರ್ಡ್ ಹಾಕಬೇಡಿ.

ಸಾಗರ, ಕಾಲೇಜು ಲ್ಯಾಬ್: ನಮಸ್ಕಾರ ಸರ್. ಲ್ಯಾಬಿಗೆ ಒಂದು ಸರ್ವರ್ ತರಬೇಕು. 20 ವಿದ್ಯಾರ್ಥಿಗಳಿಗೆ ತಲಾ ಒಂದು ಲಿನಕ್ಸ್ ವರ್ಚುವಲ್ ಮಷಿನ್ (ಸರ್ವರಿನೊಳಗೇ ನಡೆಯುವ ಬೇರೆ ಬೇರೆ ಕಂಪ್ಯೂಟರ್). ಡೀಲರ್ ಎರಡು ಪ್ರೊಸೆಸರಿಗೆ ಕೊಟೇಶನ್ ಕೊಟ್ಟಿದ್ದಾರೆ. ಒಂದು ಇಂಟೆಲ್ ಜಿಯಾನ್ ಸಿಲ್ವರ್ 4314, ಇನ್ನೊಂದು ಎಎಂಡಿ ಎಪಿಕ್ 7313ಪಿ. ಎರಡರಲ್ಲೂ 16 ಕೋರ್, ಅಂದರೆ ಒಟ್ಟಿಗೆ ದುಡಿಯುವ 16 ಘಟಕ. ಎಪಿಕ್‌ಗೆ ಬೆಲೆ ಜಾಸ್ತಿ. ಕೊಡಬಹುದಾ?

ಇಂಜಿನಿಯರ್: ನಿಮ್ಮ ಕೆಲಸಕ್ಕೆ ಕೊಡಬಹುದು. ಎರಡೂ 2021ರಲ್ಲಿ ಬಂದವು. 4314ರ ಮೂಲ ವೇಗ 2.4 ಗಿಗಾಹರ್ಟ್ಸ್, ಏರಿದರೆ 3.4. 7313ಪಿ 3.0, ಏರಿದರೆ 3.7. ಮಕ್ಕಳೆಲ್ಲ ಒಟ್ಟಿಗೆ ಕಂಪೈಲ್ ಕೊಟ್ಟಾಗ ಈ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತೆ. ಕ್ಯಾಶ್ (ಪ್ರೊಸೆಸರಿನ ಒಳಗೇ ಇರುವ ವೇಗದ ಮೆಮೊರಿ) 4314ರಲ್ಲಿ 24 ಎಂಬಿ, 7313ಪಿಯಲ್ಲಿ 128. ಆದರೆ 128 ಅಂದರೆ ಒಂದೇ ದೊಡ್ಡ ತೊಟ್ಟಿ ಅಂದುಕೊಳ್ಳಬೇಡಿ. 32 ಎಂಬಿಯ ನಾಲ್ಕು ತೊಟ್ಟಿ, ನಾಲ್ಕು ನಾಲ್ಕು ಕೋರಿಗೆ ಒಂದೊಂದು. ನಿಮ್ಮದು ಸಣ್ಣ ಸಣ್ಣ ಮಷಿನ್‌ಗಳು. ಹಾಗಾಗಿ ಇದು ಸರಿಯಾಗಿ ಹೊಂದುತ್ತೆ.

ಬಿಡುಗಡೆಯಾದಾಗ ಕಂಪನಿ ಪಟ್ಟಿಯ ಬೆಲೆ 4314ಕ್ಕೆ 694 ಡಾಲರ್, 7313ಪಿಗೆ 913 ಡಾಲರ್. ಬರೀ ಚಿಪ್ ನೋಡಿದರೆ ದೊಡ್ಡ ವ್ಯತ್ಯಾಸ. ರ್‍ಯಾಮ್, ಡಿಸ್ಕ್, ಬೋರ್ಡ್ ಎಲ್ಲ ಸೇರಿದ ಒಟ್ಟು ಬಿಲ್ಲಿನಲ್ಲಿ ನೋಡಿ, ಅಷ್ಟು ಅನಿಸಲ್ಲ. ಮುಂದೆ ಎರಡನೇ ಪ್ರೊಸೆಸರ್ ಹಾಕುವ ಯೋಚನೆ ಇದ್ದರೆ ಮಾತ್ರ 4314 ತಗೊಳ್ಳಿ. 7313ಪಿಯಲ್ಲಿರುವ ಪಿ ಅಂದರೆ ಬೋರ್ಡಿನಲ್ಲಿ ಒಂದೇ ಕೂರುತ್ತೆ ಅಂತ.

ಒಂದು ಮಾತು ಮರೀಬೇಡಿ. ಎರಡಕ್ಕೂ ರ್‍ಯಾಮಿನ ದಾರಿ (ಚಾನೆಲ್) ಎಂಟು. ಡೀಲರ್ 64 ಜಿಬಿಯ ಎರಡು ಕಡ್ಡಿ ಹಾಕಿ ಕೊಡ್ತಾರೆ, ಆಗ ಆರು ದಾರಿ ಖಾಲಿ. 16 ಜಿಬಿಯ ಎಂಟು ಕಡ್ಡಿ ಕೇಳಿ. ಎಪಿಕ್‌ನಲ್ಲಿ ಒಂದು ದಾರಿಗೆ ಸೆಕೆಂಡಿಗೆ 25.6 ಜಿಬಿ. ಎಂಟೂ ತುಂಬಿದರೆ ಲೆಕ್ಕದ ಪ್ರಕಾರ 204.8.

ಸಾಗರ, ಕಾಲೇಜು ಲ್ಯಾಬ್: ಕೊಟೇಶನ್‌ನಲ್ಲಿ ಎರಡೇ ಕಡ್ಡಿ ಇದೆ ಸರ್! ನಾಳೆಯೇ ಬದಲಾಯಿಸಲು ಹೇಳ್ತೇನೆ.

ಭದ್ರಾವತಿ: ಎಎಂಡಿ ಬಿಸಿ ಜಾಸ್ತಿ ಸರ್. ಸರ್ವರ್ ಅಂದರೆ ಇಂಟೆಲ್ಲೇ.

ಗಾಂಧಿ ಬಜಾರ್: ಯಾವ ಕಾಲದ ಮಾತು ಅಣ್ಣ ಇದು?

ಹೊಸನಗರ: ಸರ್, ನಮ್ಮಲ್ಲಿ ಸಿಡಿಲು ಜಾಸ್ತಿ. ಸರ್ವರಿಗೆ ಅರ್ಥಿಂಗ್ ಬೇರೆಯೇ ಹಾಕಿಸಬೇಕಾ?

ತೀರ್ಥಹಳ್ಳಿ, ಅಡಿಕೆ ಮಂಡಿ: ಸರ್, ನಮ್ಮ ಮಂಡಿ ಸರ್ವರ್ ಸಂಜೆ ಹೊತ್ತು ತೆವಳುತ್ತೆ. ಒಂದು ಬಿಲ್ ಬರೋಕೆ 40 ಸೆಕೆಂಡ್. ರೈತರು ಕೌಂಟರ್ ಎದುರು ನಿಂತೇ ಇರ್ತಾರೆ. ಈಗ ಇರೋದು ಸೆಕೆಂಡ್ ಹ್ಯಾಂಡ್ ಜಿಯಾನ್ ಇ5-2680 ವಿ4, 14 ಕೋರ್. ಇದನ್ನು ತೆಗೆದು ಎಪಿಕ್ ಹಾಕಿದರೆ ಸರಿ ಹೋಗುತ್ತಾ? ಟಾಸ್ಕ್ ಮ್ಯಾನೇಜರ್ ಫೋಟೋ ಹಾಕಿದ್ದೇನೆ.

ಇಂಜಿನಿಯರ್: ಫೋಟೋ ನೋಡಿದೆ. ಪ್ರೊಸೆಸರ್ 7%. 64 ಜಿಬಿ ರ್‍ಯಾಮಿನಲ್ಲಿ ಬಳಕೆ 9. ಡಿಸ್ಕ್ ಮಾತ್ರ 100%. ಡೇಟಾಬೇಸ್ ಯಾವುದು? ಫೈಲ್ ಸೈಜ್ ಎಷ್ಟು?

ಶಿಕಾರಿಪುರ: ಫಾರ್ವರ್ಡ್ ಬಂದಿದೆ: "ಸರ್ವರ್ ಸ್ಲೋ ಇದ್ದರೆ ಮೆಲ್ಟ್‌ಡೌನ್, ಸ್ಪೆಕ್ಟರ್ ಪ್ಯಾಚ್ ಆಫ್ ಮಾಡಿ, 30% ವೇಗ ಹೆಚ್ಚುತ್ತೆ. ಥರ್ಮಲ್ ಪೇಸ್ಟ್ ಇಲ್ಲದಿದ್ದರೆ ಟೂತ್‌ಪೇಸ್ಟ್ ಹಚ್ಚಿ. ಎಲ್ಲ ಗುಂಪಿಗೂ ಕಳಿಸಿ."

ಇಂಜಿನಿಯರ್: ಎಲ್ಲೂ ಕಳಿಸಬೇಡಿ. ಆ ಪ್ಯಾಚ್ ಬಂದಿದ್ದು ಯಾಕೆ ಗೊತ್ತಾ? ಮೆಲ್ಟ್‌ಡೌನ್, ಸ್ಪೆಕ್ಟರ್ ಅಂದರೆ ಪ್ರೊಸೆಸರಿನ ದೋಷಗಳು. ಅವುಗಳಿಂದ ಒಂದು ಪ್ರೋಗ್ರಾಂ ಇನ್ನೊಂದರ ಮೆಮೊರಿ ಕದ್ದು ಓದಬಹುದು ಅಂತ 2018ರ ಜನವರಿಯಲ್ಲಿ ಬಯಲಾಯಿತು, ಅದಕ್ಕೆ. ಮಂಡಿ ಸರ್ವರಿನಲ್ಲಿ ರೈತರ ಬ್ಯಾಂಕ್ ಖಾತೆ ನಂಬರ್ ಇರುತ್ತೆ. ಆಫ್ ಮಾಡಬೇಡಿ. ಥರ್ಮಲ್ ಪೇಸ್ಟ್ ಇರೋದು ಪ್ರೊಸೆಸರಿನ ಶಾಖ ಹೊರಗೆ ದಾಟಿಸೋಕೆ. ಟೂತ್‌ಪೇಸ್ಟ್‌ನಲ್ಲಿ ನೀರಿರುತ್ತೆ. ಒಣಗಿದ ಮೇಲೆ ಶಾಖ ಸರಿಯಾಗಿ ದಾಟಲ್ಲ. ಇಷ್ಟೇ.

ತೀರ್ಥಹಳ್ಳಿ, ಅಡಿಕೆ ಮಂಡಿ: ಎಸ್‌ಕ್ಯುಎಲ್ ಸರ್ವರ್ 2019 ಎಕ್ಸ್‌ಪ್ರೆಸ್ ಸರ್. ಸಾಫ್ಟ್‌ವೇರ್ ಹಾಕಿದವರು ಅದನ್ನೇ ಹಾಕಿ ಹೋಗಿದ್ದಾರೆ. ಡೇಟಾ ಫೈಲ್ 9.6 ಜಿಬಿ.

ಇಂಜಿನಿಯರ್: ಬೇರೆಯವರು ಸ್ವಲ್ಪ ತಡೀರಿ. ಇದು ಮೊದಲು.

ನೀವು ಪ್ರೊಸೆಸರ್ ವಿಷಯ ಬಿಡಿ. ಎಕ್ಸ್‌ಪ್ರೆಸ್ ಅಂದರೆ ಉಚಿತ ಆವೃತ್ತಿ. ಅದು 4 ಕೋರ್ ಮೀರಿ ಮುಟ್ಟಲ್ಲ. ನಿಮ್ಮ 14ರಲ್ಲಿ 10 ಕೋರ್ ಅದಕ್ಕೆ ಇದ್ದೂ ಇಲ್ಲ. ಎಪಿಕ್ ತಂದರೆ 16ರಲ್ಲಿ 12 ಹಾಗೆ ಕೂರುತ್ತವೆ. ಡೇಟಾ ಹಿಡಿದಿಡಲು ಅದು ಬಳಸುವ ರ್‍ಯಾಮ್ 1,410 ಎಂಬಿ. ನಿಮ್ಮ ಹತ್ತಿರ 64 ಜಿಬಿ ಇದ್ದರೂ ಅಷ್ಟೇ. ಫೈಲ್ 9.6 ಜಿಬಿ, ಹಿಡಿದಿಡೋದು ಒಂದೂವರೆಗಿಂತ ಕಮ್ಮಿ. ಉಳಿದಿದ್ದಕ್ಕೆಲ್ಲ ಪ್ರತಿ ಬಿಲ್ಲಿಗೂ ಡಿಸ್ಕಿಗೆ ಓಡಬೇಕು. ಡಿಸ್ಕ್ ತಿರುಗುವ ಜಾತಿಯದು, ಅಲ್ವಾ? ಅಂಥದ್ದು ಅಲ್ಲೊಂದು ಇಲ್ಲೊಂದು ಅಂತ ಹುಡುಕಿ ಓದುವ ಕೆಲಸವನ್ನು ಸೆಕೆಂಡಿಗೆ ಸುಮಾರು ನೂರು ಸಲ ಮಾಡುತ್ತೆ. ಎಸ್‌ಎಸ್‌ಡಿ ಅಂದರೆ ತಿರುಗುವ ಭಾಗ ಇಲ್ಲದ ಡಿಸ್ಕ್, ಅದನ್ನೇ ಸಾವಿರಗಟ್ಟಲೆ ಸಲ ಮಾಡುತ್ತೆ. ನಿಮ್ಮ 40 ಸೆಕೆಂಡ್ ಹೋಗ್ತಿರೋದು ಅಲ್ಲಿ.

ಆದರೆ ನನಗೆ ಭಯ ಆಗಿದ್ದು ನಿಧಾನಕ್ಕಲ್ಲ. ಈ ಆವೃತ್ತಿಯಲ್ಲಿ ಒಂದು ಡೇಟಾಬೇಸಿಗೆ ಮಿತಿ 10 ಜಿಬಿ. ಅಷ್ಟು ತುಂಬಿದ ಮೇಲೆ ಹಳೇ ಬಿಲ್ ಓದಬಹುದು, ಹೊಸ ಬಿಲ್ ಬರೆಯಲು ಬರಲ್ಲ. ರೈತ ರಾಶಿ ಇಡಿ ಅಡಿಕೆ ತಂದು ತೂಕ ಹಾಕಿಸಿ ನಿಂತಿರ್ತಾನೆ, ಪರದೆಯ ಮೇಲೆ ಎರರ್ ಬರುತ್ತೆ. ವರ್ಷಕ್ಕೆ ಎಷ್ಟು ಬೆಳೆಯುತ್ತೆ? ಬ್ಯಾಕಪ್ ಎಲ್ಲಿದೆ?

ತೀರ್ಥಹಳ್ಳಿ, ಅಡಿಕೆ ಮಂಡಿ: ವರ್ಷಕ್ಕೆ ಸುಮಾರು 2 ಜಿಬಿ ಸರ್. ಬ್ಯಾಕಪ್ ಅದೇ ಡಿ ಡ್ರೈವಿನಲ್ಲಿದೆ.

ಇಂಜಿನಿಯರ್: ಅದೇ ಡಿಸ್ಕಿನಲ್ಲಿದ್ದರೆ ಅದು ಬ್ಯಾಕಪ್ ಅಲ್ಲ. ಡಿಸ್ಕ್ ಹೋದರೆ ಎರಡೂ ಹೋಗುತ್ತೆ. ನಿಮ್ಮ ಲೆಕ್ಕದಲ್ಲಿ ಉಳಿದಿರೋದು ಎರಡು, ಎರಡೂವರೆ ತಿಂಗಳು. ಸುಗ್ಗಿಯಲ್ಲಿ ಅಷ್ಟೂ ಇಲ್ಲ. ಫೈಲ್ ಒಳಗೆ ಖಾಲಿ ಜಾಗ ಇರಬಹುದು, ಅದನ್ನು ನಾನು ಬಂದು ನೋಡ್ತೇನೆ. ಇವತ್ತು ರಾತ್ರಿ ಬಿಲ್ಲಿಂಗ್ ನಿಲ್ಲಿಸಿ ಪೂರ್ತಿ ಬ್ಯಾಕಪ್ ತೆಗೆದು ಹೊರಗಿನ ಡಿಸ್ಕಿಗೆ ಹಾಕಿ. ಅದನ್ನು ಬೇರೆ ಕಂಪ್ಯೂಟರಿನಲ್ಲಿ ರಿಸ್ಟೋರ್ ಮಾಡಿ ಕೊನೆಯ ಬಿಲ್ ತೆರೆದು ನೋಡಿ. ನೋಡದೆ ಮಲಗಬೇಡಿ. ಆಮೇಲೆ ಎಸ್‌ಎಸ್‌ಡಿ ಹಾಕೋಣ. ಹಳೇ ವರ್ಷಗಳನ್ನು ಬೇರೆ ಡೇಟಾಬೇಸಿಗೆ ಸಾಗಿಸಬಹುದು, ಯಾಕಂದರೆ ಮಿತಿ ಇರೋದು ಒಂದೊಂದಕ್ಕೆ. 2025ರ ಎಕ್ಸ್‌ಪ್ರೆಸ್‌ನಲ್ಲಿ ಮಿತಿ 50 ಜಿಬಿಗೆ ಏರಿದೆ. ನಿಮ್ಮ ಸಾಫ್ಟ್‌ವೇರ್ ಅದರಲ್ಲಿ ನಡೆಯುತ್ತಾ ಅಂತ ಅವರನ್ನು ಬರವಣಿಗೆಯಲ್ಲೇ ಕೇಳಿ.

ಭದ್ರಾವತಿ: 155 ವ್ಯಾಟ್ ಎಪಿಕ್, 135 ವ್ಯಾಟ್ ಜಿಯಾನ್. ನಾನು ಹೇಳಿದ್ದು ಸುಳ್ಳಾ? ಕರೆಂಟ್ ಬಿಲ್ ಯಾರು ಕಟ್ಟೋದು?

ಗಾಂಧಿ ಬಜಾರ್: 20 ವ್ಯಾಟ್ ವರ್ಷವಿಡೀ ಪೂರ್ತಿ ಉರಿದರೂ 175 ಯೂನಿಟ್. ಯೂನಿಟ್ಟಿಗೆ 8 ರೂಪಾಯಿ ಹಿಡಿದರೂ 1,400. ಕೆಲಸ ಬೇಗ ಮುಗಿದು ಉಳಿಯೋದನ್ನೂ ಲೆಕ್ಕ ಹಾಕಿ.

ಭದ್ರಾವತಿ: ಲೆಕ್ಕ ನನಗೆ ಕಲಿಸಬೇಡಿ. ನೀವು ಎಎಂಡಿ ಮಾರೋರು, ನಮಗೆ ಗೊತ್ತು.

ಗಾಂಧಿ ಬಜಾರ್: ನಾನು ಎರಡೂ ಮಾರ್ತೇನೆ. ಅಂಗಡಿಗೆ ಬಂದು ನೋಡಿ, ಆಮೇಲೆ ಮಾತಾಡಿ.

ಅಡ್ಮಿನ್: ಇಬ್ಬರೂ ನಿಲ್ಲಿಸಿ ಮಾರಾಯ್ರೇ.

ಕೊಪ್ಪ: ಸರ್, ಕೊನೆಗೆ ಯಾವುದು ಬೆಸ್ಟ್?

ಇಂಜಿನಿಯರ್: ಯಾವ ಕೆಲಸಕ್ಕೆ?

ಕೊಪ್ಪ: ಜನರಲ್ ಆಗಿ.

ಇಂಜಿನಿಯರ್: ಜನರಲ್ ಆಗಿ ಉತ್ತರ ಇಲ್ಲ. ಮೇಲೆ ಸಾಗರದವರಿಗೆ ಬರೆದಿದ್ದು ಓದಿ.

ಸೊರಬ: 4314, 7313ಪಿ, ಎರಡರಲ್ಲಿ ಯಾವುದು ತಗೋಬಹುದು ಸರ್?

ಇಂಜಿನಿಯರ್: ಮೇಲೆ ಓದಿ.

ಶಿವಮೊಗ್ಗ, ಆಡಿಟರ್ ಆಫೀಸ್: 24 ಕೋರಿಂದು ಸ್ವಲ್ಪ ಹೆಚ್ಚು ಬೆಲೆಗೆ ಸಿಗ್ತಿದೆ. ನಾವು ವಿಂಡೋಸ್ ಸರ್ವರ್ ಸ್ಟ್ಯಾಂಡರ್ಡ್ ಹಾಕೋದು. ತಗೊಳ್ಳಲಾ?

ಇಂಜಿನಿಯರ್: ಅದರ ಲೈಸೆನ್ಸ್ ಕೋರ್ ಲೆಕ್ಕದಲ್ಲಿ. ಕನಿಷ್ಠ 16 ಕೋರಿನದು ಕೊಳ್ಳಲೇಬೇಕು. 24 ಆದರೆ ಇನ್ನೂ 8 ಕೋರಿಗೆ ದುಡ್ಡು. ಚಿಪ್ಪಿನ ಬೆಲೆ ಜೊತೆ ಅದನ್ನೂ ಕೂಡಿಸಿ ನೋಡಿ. 16 ಸಾಕು.

ಶಿಕಾರಿಪುರ: ಇನ್ನೊಂದು ಫಾರ್ವರ್ಡ್. ಮಳೆಗಾಲದಲ್ಲಿ ಸರ್ವರ್ ಪೆಟ್ಟಿಗೆಯೊಳಗೆ 60 ವ್ಯಾಟ್ ಬಲ್ಬ್...

ಇಂಜಿನಿಯರ್: ಬೇಡ. ಬಲ್ಬ್ ಹಾಕಿ ಬಟ್ಟೆ ಬೀರು ಒಣಗಿಸಿದ ಹಾಗಲ್ಲ ಇದು. ಆ ಶಾಖ ತೆಗೆಯೋಕೇ ಫ್ಯಾನ್ ಇಟ್ಟಿರೋದು. ಇನ್ನೊಂದು ಸಲ ಇಂಥದ್ದು ಹಾಕಿದರೆ ಉತ್ತರ ಬರೆಯೋದನ್ನೇ ನಿಲ್ಲಿಸ್ತೇನೆ.

ಶಿಕಾರಿಪುರ: ಸುಮ್ನೆ ಕೇಳಿದ್ದು ಸರ್. ಅಷ್ಟಕ್ಕೆ ಯಾಕೆ ಸಿಟ್ಟು?

ಹೊಸನಗರ: ಸರ್, ಅರ್ಥಿಂಗ್ ಬಗ್ಗೆ ಕೇಳಿದ್ದೆ.

ಭದ್ರಾವತಿ: ಬೇರೆಯವರ ಪ್ರಶ್ನೆಗೆ ಉದ್ದುದ್ದ ಬರೀತಾರೆ, ನಾವು ಹೇಳಿದರೆ ಅಡ್ಮಿನ್ ಬಾಯಿ ಮುಚ್ಚಿಸ್ತಾರೆ.

ಅಡ್ಮಿನ್: ಇವತ್ತಿಗೆ ಸಾಕು. ತೀರ್ಥಹಳ್ಳಿಯವರು, ಇಂಜಿನಿಯರ್ ಇಬ್ಬರೇ ಬರೆಯಲಿ.

ತೀರ್ಥಹಳ್ಳಿ, ಅಡಿಕೆ ಮಂಡಿ: ಸರ್, ಈಗ 11:20. ಬ್ಯಾಕಪ್ ಮುಗಿಯಿತು. ಮಗಳ ಲ್ಯಾಪ್‌ಟಾಪಿನಲ್ಲಿ ರಿಸ್ಟೋರ್ ಮಾಡಿದೆ. ಇವತ್ತಿನ ಕೊನೆಯ ಬಿಲ್, ಬೆಟ್ಟೆ ಅಡಿಕೆ 3 ಚೀಲ, ಸರಿಯಾಗಿ ಬಂತು. ಮಗಳ ಲ್ಯಾಪ್‌ಟಾಪಿನಲ್ಲಿ ಎಸ್‌ಎಸ್‌ಡಿ ಇದೆ. ಅದೇ ಬಿಲ್ 2 ಸೆಕೆಂಡಿಗೆ ಬಂತು.

ಇಂಜಿನಿಯರ್: ಸಮಾಧಾನ ಆಯ್ತು. ಆ ಡಿಸ್ಕನ್ನು ಸರ್ವರಿಗೆ ಚುಚ್ಚಿ ಬಿಡಬೇಡಿ, ತೆಗೆದು ಮನೆಗೆ ಒಯ್ಯಿರಿ. ಎಪಿಕ್ ತರುವ ಯೋಚನೆ ಬಿಡಿ. ಭಾನುವಾರ ಬೆಳಗ್ಗೆ ಎಸ್‌ಎಸ್‌ಡಿ ಹಿಡಿದುಕೊಂಡು ನಾನೇ ಬರ್ತೇನೆ.